ಗೋರಿಯ ಮುಂದೆ ಹೇಳಿದ ಸುಳ್ಳು

ಉಮ್ಜಿಂಟೊ
14 ಜುಲೈ 1996

ನನ್ನ ನಾದಿನಿ ಮಾಖೊತ್ಸೊಗೆ ಅತ್ತಿಗೆ ಮಾಲಿಪುವೊ ಮಾಡುವ ವಂದನೆಗಳು.

ನೀನು, ನಿನ್ನ ಗಂಡ, ಮಕ್ಕಳು, ಕುರಿಗಳು ಎಲ್ಲ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಬೆಟ್ಟ ಇಳಿದು ಬಂದು ತಿಂಗಳ ಮೇಲಾಯಿತು, ಒಂದು ಕಾಗದ ಹಾಕಲಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈದುಕೋ. ಬರೆಯುವುದೆಂದರೆ ನನಗೆ ಕಲ್ಲು ಒಡೆಯುವ ಕೆಲಸ. ಮೂರನೇ ತರಗತಿಯಲ್ಲಿದ್ದಾಗಲೇ ತಮ್ಮನನ್ನು ಬೆನ್ನಿಗೆ ಕಟ್ಟಿ ಶಾಲೆ ಬಿಡಿಸಿದರು, ಆಮೇಲೆ ಅಕ್ಷರದ ಸಹವಾಸ ಬಂದದ್ದು ಚರ್ಚಿನ ಹಾಡಿನ ಪುಸ್ತಕದಲ್ಲಿ ಮಾತ್ರ. ಮಗಳು ಲಿಪುವೊ ‘ನೀನು ಹೇಳ್ತಾ ಹೋಗು, ನಾನು ಬರೀತೀನಿ’ ಅಂದಳು. ಬೇಡ ಅಂದೆ. ಅವಳು ನನ್ನ ಬೈಗುಳವನ್ನೆಲ್ಲ ಸೋಸಿ ಬರೆಯುತ್ತಾಳೆ. ಸೋಸಿದ ಕಾಗದ ಓದಿದರೆ ಅದು ನನ್ನದೆಂದು ನಿನಗೆ ಗೊತ್ತಾಗುವುದೇ ಇಲ್ಲ.

ಮೊದಲು ಒಳ್ಳೆಯ ಸುದ್ದಿ. ಎದೆ ಹಗುರಾಗಿದೆ. ಅಲ್ಲಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದೆನಲ್ಲ, ಇಲ್ಲಿ ಕಾಲು ಚಾಚಿ ಮಲಗುತ್ತೇನೆ. ಇನ್ನೊಂದು ಚಳಿಗಾಲ ಬೆಟ್ಟದ ಮೇಲೆ ಕಳೆದರೆ ಬದುಕುವುದಿಲ್ಲ ಎಂದು ಆ ಆಸ್ಪತ್ರೆಯ ಹುಡುಗಿ ಹೇಳಿದಾಗ ಅವಳ ಮುಖಕ್ಕೇ ನಕ್ಕಿದ್ದೆ. ಅವಳು ಹೇಳಿದ್ದು ಸರಿಯೇ ಇತ್ತು.

ಇಲ್ಲಿಯವರು ಇದನ್ನು ಚಳಿಗಾಲ ಎನ್ನುತ್ತಾರೆ. ಜುಲೈ ತಿಂಗಳಲ್ಲಿ ಬರಿಗಾಲಲ್ಲಿ ಓಡಾಡುತ್ತಾರೆ, ಹಿತ್ತಲಲ್ಲಿ ಬಾಳೆ ಗೊನೆ ಬಿಟ್ಟಿದೆ. ಮಂಗಗಳು ಕಿಟಕಿಯಿಂದ ಕೈ ಹಾಕಿ ಜೋಳದ ಮುದ್ದೆ ಎತ್ತಿಕೊಂಡು ಹೋಗುತ್ತವೆ. ಊರಿನ ಸುತ್ತ ಎಲ್ಲಿ ನೋಡಿದರೂ ಕಬ್ಬು. ಕಡಿಯುವ ಮುಂಚೆ ಅದಕ್ಕೆ ಬೆಂಕಿ ಹಾಕುತ್ತಾರೆ. ಆಮೇಲೆ ಆಕಾಶದಿಂದ ಕಪ್ಪು ಬೂದಿ ಉದುರುತ್ತದೆ, ನಮ್ಮಲ್ಲಿ ಹಿಮ ಬೀಳುವ ಹಾಗೆಯೇ, ಸದ್ದಿಲ್ಲದೆ. ಮೊದಲ ಸಲ ನೋಡಿದಾಗ ಅಂಗಳದಲ್ಲೇ ನಿಂತುಬಿಟ್ಟೆ. ಹಿಮಕ್ಕೂ ಯಾರೋ ಸೂತಕದ ಬಟ್ಟೆ ಉಡಿಸಿದ್ದಾರೆ ಅನ್ನಿಸಿತು.

ನನ್ನ ಮೈಮೇಲಿನ ಸೂತಕದ ಕಪ್ಪಿನ ಬಗ್ಗೆ ಇಲ್ಲಿ ದಿನಾ ಜಗಳ.

‘ಅಮ್ಮಾ, ಈ ಉಣ್ಣೆ ಬಟ್ಟೇಲಿ ಬೆಂದುಹೋಗ್ತೀಯ. ಇಲ್ಲಿ ಎಷ್ಟೋ ಜನ ತೋಳಿಗೊಂದು ಕಪ್ಪು ಪಟ್ಟಿ ಹೊಲ್ಕೊಂಡು ಮುಗಿಸ್ತಾರೆ’ ಎಂದಳು ಲಿಪುವೊ.

‘ಅವರ ಗಂಡಂದಿರು ತೋಳಷ್ಟೇ ಸತ್ತಿರ್ತಾರೆ. ನಿಮ್ಮಪ್ಪ ಪೂರ್ತಿ ಸತ್ತಿದಾನೆ’ ಎಂದೆ.

ಅಳಿಯ ಮಂಡ್ಲಾ ಒಳ್ಳೆಯವನು. ಆದರೆ ಅತ್ತೆಯ ಮುಖ ನೋಡಿ ಮಾತಾಡಬಾರದೆಂಬ ನೇಮ ಅವನದು. ಅಡುಗೆಮನೆಯಲ್ಲಿ ಮೂವರೇ ಮೊಣಕೈ ತಾಗಿಸಿಕೊಂಡು ಕೂತಿದ್ದರೂ ಗೋಡೆ ನೋಡಿಕೊಂಡು, ‘ಲಿಪುವೊ, ನಿಮ್ಮಮ್ಮಂಗೆ ಹೇಳು, ಫ್ಯಾನು ಅವರ ಕಡೆ ತಿರುಗಿಸಿದೀನಿ’ ಎನ್ನುತ್ತಾನೆ. ನಾನು, ‘ಲಿಪುವೊ, ನಿನ್ನ ಗಂಡಂಗೆ ಹೇಳು, ನನ್ನ ಕಿವಿ ಇನ್ನೂ ಸತ್ತಿಲ್ಲ’ ಎನ್ನುತ್ತೇನೆ.

ಇರಲಿ. ನಾನು ಈ ಕಾಗದ ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ.

ನಾವು ಹೊರಟ ದಿನ ನಿನಗೆ ನೆನಪಿರಬೇಕು. ಹಿಮದ ಮೋಡ ಕವಿದಿತ್ತು, ಗಡಿಯ ಗೇಟು ಮುಚ್ಚುವ ಹೊತ್ತಾಗಿತ್ತು, ಮಂಡ್ಲಾ ಸಕ್ಕರೆ ಗಿರಣಿಯಿಂದ ಎರವಲು ತಂದಿದ್ದ ಜೀಪಿನ ಬ್ರೇಕು ಬೇರೆ ಕಿರುಗುಟ್ಟುತ್ತಿತ್ತು. ಗೋರಿಗಳ ತಿರುವಿನಲ್ಲಿ ನಿಲ್ಲಿಸು ಎಂದೆ. ‘ಲಿಪುವೊ, ನಿಮ್ಮಮ್ಮಂಗೆ ಹೇಳು, ಈಗ ನಿಂತ್ರೆ ಗೇಟು ಮುಚ್ಚುತ್ತೆ, ಹಿಮ ಬಿದ್ರೆ ನಾವು ಮೂವರೂ ಮಾವನ ಪಕ್ಕದಲ್ಲೇ ಮಲಗಬೇಕಾಗುತ್ತೆ’ ಎಂದ. ಜೀಪು ನಿಲ್ಲಲಿಲ್ಲ. ಹಿಂದಿನ ಗಾಜಿನಲ್ಲಿ ನನ್ನ ಗಂಡನ ಗೋರಿಯ ಕಲ್ಲುಗಳು ಕಂಡವು, ಆಮೇಲೆ ಕಾಣಲಿಲ್ಲ.

ಕಪ್ಪು ಉಟ್ಟ ಹೆಂಗಸು ಗಂಡನಿಗೆ ಒಂದು ಮಾತು ಹೇಳದೆ ದೇಶ ದಾಟಿದ್ದಾಳೆ. ಇಂಥದ್ದನ್ನು ನೀನು ಕೇಳಿದ್ದೀಯಾ? ನಾನು ಕೇಳಿಲ್ಲ.

ಅದಕ್ಕೇ ನೀನು ಅವನ ಗೋರಿಗೆ ಹೋಗಬೇಕು. ನೀನು ಅವನ ತಂಗಿ, ನಿನ್ನ ಮಾತು ನಡೆಯುತ್ತದೆ. ಹೊಸ ಹೆಂಡ ಹುಳಿಸಿ ತೆಗೆದುಕೊಂಡು ಹೋಗು, ನಶ್ಯ ಇಡು, ನೇರವಾಗಿ ಹೇಳು: ‘ನಿನ್ನ ಹೆಂಡತಿ ಕಡಲ ಹತ್ತಿರ ಮಗಳ ಮನೆಗೆ ಹೋಗಿದ್ದಾಳೆ. ಅವಳ ಎದೆ ಈ ಬೆಟ್ಟ ತಡೆಯುವುದಿಲ್ಲ. ಅಲ್ಲೇ ಇರುತ್ತಾಳೆ.’ ಇಷ್ಟೇ. ಅವನಿಗೆ ಗೊತ್ತಾದ ಮೇಲೆ ಬೇಸಿಗೆಯಲ್ಲಿ ನೀನು ಕತ್ತರಿ ಹಿಡಿದು ಇಳಿದು ಬಾ, ನಿನ್ನ ಕೈಯಾರೆ ಈ ಕಪ್ಪು ಕತ್ತರಿಸಿ ತೆಗೆ. ಅವನಿಗೆ ತಿಳಿಯದೆ, ನೀನು ಕತ್ತರಿಸದೆ, ನಾನು ಇಲ್ಲಿ ಮನುಷ್ಯಳಲ್ಲ. ಯಾರ ಕೈಯನ್ನೂ ಹಿಡಿಯುವ ಹಾಗಿಲ್ಲ, ಮದುವೆ ಮನೆಗೆ ಹೋಗುವ ಹಾಗಿಲ್ಲ, ಚರ್ಚಿನಲ್ಲಿ ಬಾಗಿಲ ಪಕ್ಕದ ಬೆಂಚು. ಹೊಸ ಊರಿನಲ್ಲಿ ಬದುಕಬೇಕಾದವಳು ಹೊಸ್ತಿಲ ಮೇಲೇ ನಿಂತಿದ್ದೇನೆ.

ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಗಂಡನಿಗೆ ಕುಡಿಯುವುದು ಕಡಿಮೆ ಮಾಡಲು ಹೇಳು.

ಇಂತಿ,
ಮಾಲಿಪುವೊ


ಉಮ್ಜಿಂಟೊ
6 ಅಕ್ಟೋಬರ್ 1996

ಮಾಖೊತ್ಸೊ,

ನಾನು ಕ್ಷೇಮ. ನೀನೂ ಕ್ಷೇಮವೆಂದು ಬರೆದಿದ್ದೀಯ. ಇದಕ್ಕಿಂತ ಸಿಹಿಯಾದ ಮಾತು ಈ ಕಾಗದದಲ್ಲಿ ಇರುವುದಿಲ್ಲ, ಕೂತುಕೊಂಡು ಓದು.

ಉಣ್ಣೆ ಲಾರಿಯವನು ನಿನ್ನ ಕಾಗದ ತಂದು ಕೊಟ್ಟು ಎರಡು ವಾರವಾಯಿತು. ಆಗಲೇ ಉತ್ತರ ಬರೆದಿದ್ದರೆ ಕಾಗದ ಸುಟ್ಟುಹೋಗುತ್ತಿತ್ತು. ಅದಕ್ಕೇ ತಡ ಮಾಡಿದೆ.

ನೀನು ಬರೆದದ್ದನ್ನೇ ನಿನಗೆ ತಿರುಗಿಸಿ ಹೇಳುತ್ತೇನೆ, ನಿನ್ನ ಕಿವಿಗೆ ಹೇಗೆ ಕೇಳುತ್ತದೆ ನೋಡು. ನೀನು ಗೋರಿಗೆ ಹೆಂಡ ಸುರಿದೆ. ನಶ್ಯ ಇಟ್ಟೆ. ‘ನಿನ್ನ ಹೆಂಡತಿ ಕಡಲ ಹತ್ತಿರ ಹೋಗಿದ್ದಾಳೆ’ ಎಂದೆ. ಅಷ್ಟರಲ್ಲಿ ಕಲ್ಲುಗಳ ನಡುವೆ ಗಾಳಿ ನುಗ್ಗಿ ಒಂಥರಾ ಸದ್ದಾಯಿತು, ಅಣ್ಣ ಅತ್ತ ಹಾಗೆ ನಿನಗೆ ಕೇಳಿಸಿತು. ಮುಂದಿನ ಮಾತು ನಾನು ಹೇಳಿಕೊಟ್ಟದ್ದಲ್ಲ, ನಿನ್ನದು: ‘ಅಳಬೇಡ ಅಣ್ಣಾ, ಪೀಚ್ ಹೂ ಬಿಡೋ ಹೊತ್ತಿಗೆ ಬಂದುಬಿಡ್ತಾಳೆ.’

ನಿನಗೆ ಯಾರು ಹೇಳಿದರು ನಾನು ಬರುತ್ತೇನೆಂದು?

ಬದುಕಿದ್ದವರಿಗೆ ಸುಳ್ಳು ಹೇಳಬಹುದು ಮಾಖೊತ್ಸೊ. ಅವರು ಮರೆಯುತ್ತಾರೆ, ಇಲ್ಲವೇ ಸಾಯುತ್ತಾರೆ. ಸತ್ತವನು ಎರಡನ್ನೂ ಮಾಡುವುದಿಲ್ಲ. ಅವನ ಹತ್ತಿರ ಹೊತ್ತು ಬೇಕಾದಷ್ಟಿದೆ. ಅವನ ತಂಗಿ ಹೂವಿನ ಹೊತ್ತು ಹೇಳಿದಳು, ಅವನು ಎದ್ದು ಮನೆಗೆ ಬಂದು ಕೂತ. ಇನ್ನೇನು ಮಾಡುತ್ತಾನೆ?

ನಾನು ತಂತಿ ಸುತ್ತಿ ಬಿಗಿದು ಬಂದ ಮನೆಯ ಬಾಗಿಲು ಬೆಳಿಗ್ಗೆ ತೆರೆದಿತ್ತು ಎಂದು ಬರೆದಿದ್ದೀಯ. ನೀನು ಮತ್ತೆ ಬಿಗಿದೆ, ಅದು ಮತ್ತೆ ತೆರೆದಿತ್ತು. ಒಳಗಿದ್ದ ಅವನ ಮುಕ್ಕಾಲಿ ಹೊರಗೆ ಬಂದು ರಸ್ತೆಗೆ ಮುಖ ಮಾಡಿತ್ತು. ಕುರಿ ಕಾಯುವವರು ನಮ್ಮ ಮನೆಯ ಮುಂದೆ ಹಾದುಹೋಗುವಾಗ ಕಂಬಳಿಯನ್ನು ಮುಖದ ಮೇಲೆಳೆದುಕೊಳ್ಳುತ್ತಾರೆ. ಇದನ್ನೆಲ್ಲ ನಾನು ತಡೆದುಕೊಂಡೆ. ಗೋಡೆ ಪಕ್ಕದ ಮರ ಹೂ ಬಿಟ್ಟು ಉದುರಿಸಿದಾಗ ಅಂಗಳವೆಲ್ಲ ಎಸಳು ಬಿದ್ದು, ಮುಕ್ಕಾಲಿಯ ಮುಂದೆ ಎರಡು ಪಾದದ ಜಾಗದಲ್ಲಿ ಮಾತ್ರ ಬಿದ್ದಿರಲಿಲ್ಲ ಎಂದು ಬರೆದಿದ್ದೀಯಲ್ಲ, ಅಲ್ಲಿ ಓದುವುದನ್ನು ನಿಲ್ಲಿಸಿ ಹೊರಗೆ ಹೋಗಿ ಕೂತೆ.

ಲಿಪುವೊಗೆ ತೋರಿಸಿದೆ. ‘ಗಾಳಿ ಕಣಮ್ಮಾ’ ಎಂದಳು.

‘ಪಾದದ ಅಳತೆ ತಗೊಂಡು ಬೀಸೋ ಗಾಳಿ ಯಾವ ಊರಲ್ಲಿದೆಯೇ?’ ಎಂದೆ. ಅವಳು ಪಾತ್ರೆ ತೊಳೆಯಲು ಹೋದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಅವನ ಮಗಳಲ್ಲವೇ.

ಇಲ್ಲಿಯ ಸಂಗತಿ ಕೇಳು. ಪಕ್ಕದ ಮನೆಯಲ್ಲಿ ಸಿಬಿಯಾ ಅಂತ ಒಬ್ಬ ಜುಲು ಮುದುಕಿ ಇದ್ದಾಳೆ. ನನ್ನ ವಯಸ್ಸಿನವಳೇ, ನನಗಿಂತ ಬಾಯಿ ಜೋರು. ಬೇಲಿಯ ಆ ಕಡೆಯಿಂದಲೇ ಮಾತಾಡುತ್ತಾಳೆ, ಕಪ್ಪಿನ ಹತ್ತಿರ ಬರುವುದಿಲ್ಲ. ‘ಏನೇ ಬೆಟ್ಟದ ಕಾಗೆ, ಇವತ್ತಾದ್ರೂ ಸ್ನಾನ ಆಯ್ತಾ?’ ಎನ್ನುತ್ತಾಳೆ. ‘ಆಯ್ತು ಕಬ್ಬಿನ ಹಂದಿ’ ಎನ್ನುತ್ತೇನೆ. ಹೀಗೆ ನಮ್ಮ ಸ್ನೇಹ. ನಿನ್ನ ಕಾಗದ ಬಂದ ಮಾರನೇ ದಿನ ಮಟಮಟ ಮಧ್ಯಾಹ್ನ ನಾನು ಬಾಳೆಗಿಡದ ನೆರಳಲ್ಲಿ ಕೂತಿದ್ದೆ. ಮೇಲಿಂದ ಕಬ್ಬಿನ ಬೂದಿ ಉದುರುತ್ತಿತ್ತು. ಅವಳು ಬೇಲಿ ಹಿಡಿದುಕೊಂಡು ತುಂಬ ಹೊತ್ತು ನೋಡಿದಳು. ಅವತ್ತು ಕಾಗೆ ಅನ್ನಲಿಲ್ಲ.

‘ಅಕ್ಕಾ, ಒಂದು ಕೇಳ್ತೀನಿ, ಬೈಬೇಡ. ನಾನು ಕಪ್ಪು ಉಟ್ಟಾಗ ನಮ್ಮ ಮುದುಕ ವರ್ಷಪೂರ್ತಿ ಬೆನ್ನ ಹಿಂದೇನೇ ಇದ್ದ. ಹಿತ್ತಲಿಗೆ ಹೋದ್ರೂ ಬಿಡ್ತಿರ್ಲಿಲ್ಲ. ಕಪ್ಪು ಉಟ್ಟೋರ ಜೊತೆ ಯಾರಾದ್ರೂ ಇರ್ತಾರೆ, ನನಗೆ ಗೊತ್ತಾಗುತ್ತೆ. ನಿನ್ನ ಜೊತೆ ಯಾರೂ ಇಲ್ಲ. ನೀನು ಬಂದ ದಿನದಿಂದ ನೋಡ್ತಿದೀನಿ. ಎಲ್ಲಿ ಬಿಟ್ಟು ಬಂದೆ ಅವನ್ನ?’

ಬೈಯದೆ ಎದ್ದು ಒಳಗೆ ಹೋದೆ. ನಾನು! ನೀನಿದ್ದಿದ್ದರೆ ಹಬ್ಬ ಮಾಡುತ್ತಿದ್ದೆ.

ಅವಳು ಹೇಳಿದ್ದು ನಿಜ ಮಾಖೊತ್ಸೊ. ನನ್ನ ಪಕ್ಕ ಖಾಲಿ. ಸತ್ತ ಗಂಡ ಕಾಡುತ್ತಾನೆ ಎಂದು ಬೇರೆಯವರು ಅಳುತ್ತಾರೆ. ನನಗೆ ಇಲ್ಲಿ ಒಂದು ಕೆಮ್ಮು ಕೇಳಿಸಿಲ್ಲ, ಒಂದು ಕನಸು ಬಿದ್ದಿಲ್ಲ. ವಾರಕ್ಕೊಮ್ಮೆ ಈ ಬಟ್ಟೆ ಒಗೆದು ಹಾಕುತ್ತೇನೆ. ಕಡಲ ಗಾಳಿಗೆ ಒಣಗಿ ಬರುವಾಗ ಅದಕ್ಕೆ ಬೆರಣಿ ಹೊಗೆಯ ವಾಸನೆ. ಇಲ್ಲಿ ಯಾರೂ ಬೆರಣಿ ಉರಿಸುವುದಿಲ್ಲ. ಮೂಗಿಗೊತ್ತಿ ನಿಲ್ಲುತ್ತೇನೆ. ಅಷ್ಟೇ ಅವನು ನನಗೆ ಉಳಿದಿರುವುದು. ಮಿಕ್ಕಿದ್ದೆಲ್ಲ ಅಲ್ಲಿ, ನಿನ್ನ ಸುಳ್ಳಿಗೆ ಕಟ್ಟುಬಿದ್ದು ಕೂತಿದೆ.

ಕಟ್ಟಿದವಳು ನೀನು, ಬಿಚ್ಚಬೇಕಾದವಳೂ ನೀನು. ಮತ್ತೆ ಹೋಗು. ಗೋರಿಗಲ್ಲ, ಮನೆಗೆ ಹೋಗು, ಅವನು ಅಲ್ಲಿದ್ದಾನೆ. ಹೇಳು: ‘ನಾನು ಸುಳ್ಳು ಹೇಳಿದೆ. ಅವಳು ಬರುವುದಿಲ್ಲ.’ ಅವನು ಕಾಯುತ್ತಿರುವಾಗ ಈ ಕಪ್ಪಿಗೆ ಕತ್ತರಿ ತಾಗಿಸುವ ಹಾಗಿಲ್ಲ. ತಾಗಿಸಿದರೆ ಅವನು ಮುಂದಿನ ಹೂವಿಗೂ ಕಾಯುತ್ತಾನೆ, ಅದರ ಮುಂದಿನ ಹೂವಿಗೂ ಕಾಯುತ್ತಾನೆ, ನಾನು ಇಲ್ಲಿ ಸತ್ತು ಮಣ್ಣಾದ ಮೇಲೂ ಕಾಯುತ್ತಾನೆ.

ಬೈದದ್ದು ಬೈದೆ. ನಿನ್ನ ಮೊಣಕಾಲಿಗೆ ಹಚ್ಚುವ ಎಣ್ಣೆ ಕಳಿಸಿದ್ದೇನೆ, ಮಲಗುವ ಮುಂಚೆ ತಿಕ್ಕಿಕೋ.

ಮಾಲಿಪುವೊ


ಉಮ್ಜಿಂಟೊ
2 ಫೆಬ್ರುವರಿ 1997

ಪ್ರೀತಿಯ ಮಾಖೊತ್ಸೊ,

ಹೊಸ ವರ್ಷದ ಕಾಗದ ಇಷ್ಟು ತಡವಾಗಿ ಬರುತ್ತಿದೆ, ಕ್ಷಮಿಸು. ಹೋದ ಸಲ ಒರಟಾಗಿ ಬರೆದೆ. ನಿನ್ನ ಉತ್ತರದಲ್ಲಿ ಅಲ್ಲಲ್ಲಿ ಶಾಯಿ ಕಲಸಿಹೋಗಿತ್ತು. ಅತ್ತಿದ್ದೀಯ. ಸಾಕು ಬಿಡು. ನಾಲಿಗೆ ನನಗೆ ಹುಟ್ಟಿನಿಂದಲೇ ಹೀಗೆ, ನಿನಗೆ ಗೊತ್ತಿರುವುದೇ.

ಮಗಳ ಮನೆಯಲ್ಲಿ ಎಲ್ಲರೂ ಕ್ಷೇಮ. ಈಗ ಇಲ್ಲಿ ನಿಜವಾದ ಬೇಸಿಗೆ. ಹಗಲು ಹೊತ್ತು ನೆಲದ ಮೇಲೆ ನೀರು ಚಿಮುಕಿಸಿ ಮಲಗುತ್ತೇನೆ. ಮಾವಿನ ಹಣ್ಣು ತಿನ್ನಲು ಕಲಿತೆ. ಗಲ್ಲಕ್ಕೆಲ್ಲ ಹಚ್ಚಿಕೊಂಡು ತಿನ್ನಬೇಕಂತೆ, ಸಿಬಿಯಾ ಬೇಲಿಯಾಚೆಯಿಂದಲೇ ಪಾಠ ಮಾಡುತ್ತಾಳೆ. ಕಪ್ಪು ತೆಗೆದ ದಿನ ಅವಳ ಮನೆಯ ಒಳಗೆ ಕೂರಿಸಿ ಕೋಳಿ ಸಾರು ಬಡಿಸುತ್ತಾಳಂತೆ. ‘ಬೇಗ ತೆಗಿಸ್ಕೋ ಕಾಗೆ, ಕೋಳಿಗೆ ವಯಸ್ಸಾಗ್ತಿದೆ’ ಎಂದು ದಿನಾ ಕೇಳುತ್ತಾಳೆ. ನಿಜ ಹೇಳಬೇಕೆಂದರೆ ನನಗೂ ಆ ಮನೆಯೊಳಗೆ ಹೋಗುವ ಆಸೆ ಇದೆ.

ನೀನು ಬರೆದದ್ದಕ್ಕೆ ಬರುತ್ತೇನೆ. ಎರಡು ಸಲ ಹೋದೆ, ಅಂಗಳದ ತನಕ ಹೋಗಿ ವಾಪಸು ಬಂದೆ ಎಂದಿದ್ದೀಯ. ಮುಕ್ಕಾಲಿ ನೋಡಿದ ಕೂಡಲೇ ನೀನೂ ಕಂಬಳಿಯನ್ನು ಮುಖದ ಮೇಲೆಳೆದುಕೊಂಡೆಯಂತೆ. ಊರ ಮುಖ್ಯಸ್ಥರು ಆ ಮನೆಯ ಸೂರು ಇಳಿಸಿಬಿಡಿ ಅಂದರಂತೆ. ಅದು ಬೇಡ. ಸೂರು ಇಳಿಸಿದರೆ ಅವನು ಮಳೆಯಲ್ಲಿ ಕೂರುತ್ತಾನೆ, ಅಷ್ಟೇ. ‘ಅತ್ತಿಗೆ, ನಿನ್ನ ಮಾತನ್ನ ನೀನೇ ಬಂದು ಹೇಳು’ ಎಂದು ಬರೆದಿದ್ದೀಯ. ಆ ಮಾತು ನ್ಯಾಯವಾದದ್ದು. ಇಲ್ಲಿಯ ಡಾಕ್ಟರನ್ನು ಕೇಳಿದೆ. ‘ಅಜ್ಜಿ, ಹತ್ತೋದು ನೀವು ಹತ್ತಬಹುದು. ಇಳಿಸೋಕೆ ನಾಲ್ಕು ಜನ ಬೇಕಾಗ್ತಾರೆ’ ಎಂದರು.

ಆದರೂ ಹೊರಟೆ. ಮೇಲೆ ಹತ್ತುವುದು ಬೇಡ, ಬೆಟ್ಟದ ಬುಡದಲ್ಲಿ ನಿಂತು ಕೂಗಿ ಹೇಳಿದರಾಯಿತು ಎಂದುಕೊಂಡೆ. ಅವನ ಕಿವಿ ಚುರುಕು, ಆ ಕಣಿವೆಯಲ್ಲಿ ದನಿ ಮೇಲಕ್ಕೇ ಹೋಗುತ್ತದೆ. ಮಂಡ್ಲಾ ಮತ್ತೆ ಗಿರಣಿಯ ಜೀಪು ಕೇಳಿ ತಂದ. ‘ಲಿಪುವೊ, ನಿಮ್ಮಮ್ಮಂಗೆ ಹೇಳು, ಅವತ್ತು ನಿಲ್ಲಿಸ್ಲಿಲ್ಲ, ಇವತ್ತು ಎಷ್ಟು ಹೊತ್ತು ಬೇಕಾದ್ರೂ ನಿಲ್ಲಿಸ್ತೀನಿ ಅಂತ’ ಎಂದ. ನಾನು ಒಂದು ಮಾವಿನ ಹಣ್ಣು ಬಿಡಿಸಿ ಲಿಪುವೊ ಕೈಗೆ ಕೊಟ್ಟು, ನಿನ್ನ ಗಂಡನಿಗೆ ಕೊಡು ಎಂದೆ.

ಕೆಳಗಿನ ಗೇಟಿನಲ್ಲಿ ಪೊಲೀಸಿನವನು ಬಂದ. ‘ಪಾಸ್‌ಪೋರ್ಟ್ ಕೊಡಮ್ಮ.’

‘ದಾಟೋಕೆ ಬಂದಿಲ್ಲಪ್ಪ. ಕೂಗೋಕೆ ಬಂದಿದೀನಿ.’

‘ಯಾರನ್ನ?’

‘ಗಂಡನ್ನ.’

‘ಎಲ್ಲಿದಾರೆ ಅವರು?’

‘ಮೇಲೆ.’

ಅವನು ಬೆಟ್ಟ ನೋಡಿದ. ಆಮೇಲೆ ನನ್ನ ಬಟ್ಟೆ ನೋಡಿದ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ದಾರಿಯಲ್ಲಿ ಯಾರೂ ಬರದ ಹಾಗೆ ಅಡ್ಡ ನಿಂತ. ಒಳ್ಳೆಯ ತಾಯಿಯ ಮಗ.

ಮೇಲೆ ಮೋಡ ಮುಚ್ಚಿತ್ತು, ನಮ್ಮ ದೇಶ ಕಾಣುತ್ತಿರಲಿಲ್ಲ. ಕಪ್ಪು ಉಟ್ಟವಳು ದನಿ ಎತ್ತಬಾರದು, ನನಗೂ ಗೊತ್ತು. ಎತ್ತಿದೆ. ‘ರಾಲಿಪುವೋ’ ಎಂದು ಗಂಡನ ಹೆಸರು ಹಿಡಿದು ಕೂಗಿದೆ. ಲಿಪುವೊ ನನ್ನ ಬಟ್ಟೆಯ ಅಂಚು ಹಿಡಿದುಕೊಂಡಿದ್ದಳು. ಬೆಟ್ಟ ಅವನ ಹೆಸರನ್ನು ವಾಪಸು ಕಳಿಸಿತು. ಆಮೇಲೆ ಮೋಡದೊಳಗಿಂದ ಒಂದು ತಣ್ಣಗಿನ ಗಾಳಿ ಇಳಿದು ಬಂದು ಮುಖಕ್ಕೆ ತಾಗಿತು. ಆ ಉರಿಬಿಸಿಲಿನಲ್ಲಿ. ಮಂಡ್ಲಾ ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ನೋಡಿದೆ. ನನ್ನ ಗಂಡ ಬಂದ, ಕೇಳಲು ನಿಂತಿದ್ದಾನೆ ಎಂದು ನನಗೆ ಗೊತ್ತಾಯಿತು. ಅಷ್ಟರಲ್ಲಿ ನನಗೆ ಕೆಮ್ಮು ಹಿಡಿಯಿತು. ಮಾತು ಮುಗಿಸಲು ಆಗಲಿಲ್ಲ. ಜೀಪು ಹತ್ತಿಸಿಕೊಂಡು ಕರೆತಂದರು.

ಆದ್ದರಿಂದ ಇದು ನಿನ್ನ ಪಾಲಿಗೇ ಬಂತು. ಹೆದರಬೇಡ. ಅವನು ನಿನ್ನ ಅಣ್ಣ, ನಿನ್ನನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದವನು. ನಿನ್ನ ಗಂಡನನ್ನು ಕರೆದುಕೊಂಡು ಹೋಗಬೇಡ, ಅವನು ಕುಡಿದು ಬಂದು ನಡುವೆ ಬಾಯಿ ಹಾಕುತ್ತಾನೆ. ಹಗಲಲ್ಲೇ ಹೋಗು. ಅವಳು ಬರುವುದಿಲ್ಲ, ಹೂ ಬಿಟ್ಟರೂ ಬರುವುದಿಲ್ಲ, ಹಣ್ಣಾದರೂ ಬರುವುದಿಲ್ಲ ಎಂದು ಹೇಳು. ಹೇಳಿ ಬಾಗಿಲು ಮುಚ್ಚು. ಈಸ್ಟರಿಗೆ ಕತ್ತರಿ ತೆಗೆದುಕೊಂಡು ಇಳಿದು ಬಾ. ನಿನ್ನನ್ನು ಕರೆತರಲು ಮಂಡ್ಲಾ ಗೇಟಿನ ಹತ್ತಿರ ಬಂದಿರುತ್ತಾನೆ. ನಿನಗೆ ಕಡಲು ತೋರಿಸುತ್ತೇನೆ. ಅದೊಂದು ದೊಡ್ಡ ಗದ್ದಲ, ಆದರೂ ನೋಡಬೇಕಾದದ್ದೇ.

ನಿನ್ನ ಮನೆಯ ಒಲೆ ಆರದಿರಲಿ. ನಿನ್ನ ಕುರಿಗಳು ಅವಳಿ ಮರಿ ಹಾಕಲಿ. ನಿನ್ನ ಹೆಣ್ಣುಮಕ್ಕಳಿಗೆ ನಿನ್ನಂಥ ನಾದಿನಿಯರು ಸಿಗಲಿ.

ನಿನ್ನ ಅತ್ತಿಗೆ,
ಮಾಲಿಪುವೊ

ಬರೆಯದೆ ಬಿಟ್ಟದ್ದು: ಮೇಲೆ ಕೆಮ್ಮು ಹಿಡಿಯಿತು ಎಂದು ಬರೆದಿದ್ದೇನೆ. ಕೆಮ್ಮು ಬಂದಿರಲಿಲ್ಲ. ಲಿಪುವೊ ಎದುರಿಗೆ ಹಾಗೆ ನಟಿಸಿದೆ.

ನಿನ್ನಣ್ಣ ನನ್ನನ್ನು ಮದುವೆಯಾಗಿ ಕರೆತಂದ ದಿನವೇ ಕುದುರೆ ಮೇಲೆ ಮುಂದೆ ಹೋದ, ನಾನು ಹಿಂದೆ ನಡೆದು ಬಂದೆ. ಅಂಗಡಿಗೆ, ಚರ್ಚಿಗೆ, ಸಾವಿನ ಮನೆಗೆ, ಎಲ್ಲಿಗೆ ಹೋದರೂ ನಾನು ಕಂಡದ್ದು ಅವನ ಬೆನ್ನು. ‘ಇರು, ಬಂದೆ’ ಎಂದು ಹಿಂದಿನಿಂದ ಕೂಗುತ್ತಿದ್ದೆ. ಲಿಪುವೊ ಹೊಟ್ಟೆಯಲ್ಲಿದ್ದಾಗಲೂ ಕೂಗಿದ್ದೇನೆ. ಒಂದು ದಿನ ನಿಂತವನಲ್ಲ, ತಿರುಗಿ ನೋಡಿದವನಲ್ಲ. ಸಾಯುವುದಕ್ಕೂ ಹಾಗೆಯೇ ಮುಂದೆ ನಡೆದ.

ಆ ಗೇಟಿನ ಹತ್ತಿರ ನಿಂತಾಗ ‘ಬರುವುದಿಲ್ಲ’ ಅನ್ನುವ ಮಾತು ನನ್ನ ಬಾಯಿಗೆ ಬರಲೇ ಇಲ್ಲ. ಬಂದದ್ದು ‘ಇರು, ಬಂದೆ’. ಹಲ್ಲು ಕಚ್ಚಿ ನುಂಗಿದೆ.

ಅವನು ನನಗಾಗಿ ಕಾಯುತ್ತಿದ್ದಾನೆ ಮಾಖೊತ್ಸೊ. ಹೇಳಬೇಕಾದ್ದನ್ನು ನೀನು ಹೇಳಲೇಬೇಕು. ಆದರೆ ಹೋದ ಕೂಡಲೇ ಹೇಳಬೇಡ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತುಕೋ. ಅವನು ಕಾಯುವುದು ಹೇಗಿರುತ್ತದೆ ಎಂದು ಸರಿಯಾಗಿ ನೋಡಿಕೊಂಡು ಬಂದು ನನಗೆ ಹೇಳು.